ಮುಖ ಆಮೇಲೆ ನೋಡಿ: ಅಮೆರಿಕದ ಮಿಲಿಷಿಯಾ ಅಧಿಕಾರಿಯ ಹಳೆಯ ಭಾವಚಿತ್ರವನ್ನು ಪರೀಕ್ಷಿಸುವ ಬಗೆ

ನೀಲಿ ಕೋಟು, ಗಲ್ಲಕ್ಕೆ ತಾಗುವ ಕಾಲರ್, ಭುಜದ ಮೇಲೆ ಝಾಲರು ಬಿಟ್ಟ ಎಪಾಲೆಟ್ (ಹುದ್ದೆ ತೋರಿಸುವ ಭುಜಪಟ್ಟಿ), ಸೊಂಟಕ್ಕೆ ಕೆಂಪು ಪಟ್ಟಿ, ಕೈಯಲ್ಲಿ ಹದ್ದಿನ ತಲೆಯ ಹಿಡಿಯಿರುವ ಕತ್ತಿ. ಮುಖ ಮಾತ್ರ ಚಪ್ಪಟೆ, ಕಣ್ಣು ನೆಟ್ಟಗೆ ನಮ್ಮನ್ನೇ ನೋಡುತ್ತಿದೆ. ಅಮೆರಿಕದ ಈಶಾನ್ಯ ರಾಜ್ಯಗಳ ವಸ್ತುಸಂಗ್ರಹಾಲಯಗಳಲ್ಲಿ, ಸಣ್ಣ ಊರಿನ ಇತಿಹಾಸ ಸಂಘಗಳಲ್ಲಿ, ಹಳೆ ಸಾಮಾನಿನ ಹರಾಜುಗಳಲ್ಲಿ ಇಂಥ ಚಿತ್ರ ಎದುರಾಗುತ್ತಲೇ ಇರುತ್ತದೆ. ಬೋಸ್ಟನ್, ನ್ಯೂಜೆರ್ಸಿ ಕಡೆ ನೆಲೆಸಿರುವ ಕನ್ನಡಿಗರೂ ವಾರಾಂತ್ಯದ ಓಡಾಟದಲ್ಲಿ ಇವನ್ನು ಕಂಡಿರುತ್ತಾರೆ. ಈತ ಯಾರು, ಯಾವ ಕಾಲದವನು, ಬರೆದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ನನ್ನ ಮೊದಲ ಸಲಹೆ: ಮುಖವನ್ನು ಕೊನೆಗಿಡಿ. ಊರೂರು ಸುತ್ತಿ ಚಿತ್ರ ಬರೆಯುತ್ತಿದ್ದವರು ಒಮ್ಮೆ ಕೈಗೆ ಕೂತ ಕಣ್ಣು, ಮೂಗು, ತುಟಿಯನ್ನೇ ಎಲ್ಲರಿಗೂ ಕೊಡುತ್ತಿದ್ದರು. ಮುಖದಿಂದ ಚಿತ್ರಕಾರ ಯಾರೆಂದು ಗೊತ್ತಾಗಬಹುದು, ಎದುರು ಕೂತವನು ಯಾರೆಂದು ಗೊತ್ತಾಗುವುದು ಅಪರೂಪ. ಕೋಟಿನ ವಿಷಯ ಹಾಗಲ್ಲ. ಅದಕ್ಕೆ ಸ್ವಂತ ದುಡ್ಡು ಸುರಿದ ಮನುಷ್ಯ ಎದುರಿಗೇ ಕೂತು ಪ್ರತಿ ಗುಂಡಿಯ ಲೆಕ್ಕ ಇಡುತ್ತಿದ್ದ.

ಅನುಕೂಲಕ್ಕೆ ಒಂದು ಕಾಲ್ಪನಿಕ ಚಿತ್ರ ಇಟ್ಟುಕೊಳ್ಳೋಣ. ಕ್ಯಾನ್ವಾಸಿನ ಮೇಲೆ ತೈಲವರ್ಣ, ಸುಮಾರು 30 ಇಂಚು ಎತ್ತರ, 25 ಇಂಚು ಅಗಲ. ಮೂವತ್ತರ ಆಸುಪಾಸಿನ ಗಂಡಸು, ಮೇಲೆ ಹೇಳಿದ ವೇಷ. ಎಪಾಲೆಟ್ ಬೆಳ್ಳಿಯದು, ಒಂದೇ ಭುಜದಲ್ಲಿದೆ. ಹಿಂದೆ ಅಂಟಿಸಿದ ಚೀಟಿಯಲ್ಲಿ ಒಂದು ಮನೆತನದ ಹೆಸರು, ಜತೆಗೆ ‘ನಮ್ಮ ಮುತ್ತಜ್ಜ, ಕ್ರಾಂತಿಯುದ್ಧದ ಕ್ಯಾಪ್ಟನ್’ ಎಂದಿದೆ. ಕ್ರಾಂತಿಯುದ್ಧ ಎಂದರೆ ಬ್ರಿಟನ್ ವಿರುದ್ಧ ಅಮೆರಿಕದ ಸ್ವಾತಂತ್ರ್ಯಯುದ್ಧ. ಈ ಚೀಟಿಯನ್ನು ಸದ್ಯಕ್ಕೆ ನಂಬಲೂ ಬೇಡಿ, ಕೀಳಲೂ ಬೇಡಿ.

ಶುರುಮಾಡುವ ಮೊದಲು: ಮಿಲಿಷಿಯಾ ಅಂದರೆ ಯಾರು

ಇವರು ಸಂಬಳದ ಸೈನಿಕರಲ್ಲ. 1792ರ ಮೇ ತಿಂಗಳ ಮಿಲಿಷಿಯಾ ಕಾಯಿದೆಯ ಪ್ರಕಾರ 18ರಿಂದ 45 ವರ್ಷದೊಳಗಿನ ಪ್ರತಿಯೊಬ್ಬ ಸ್ವತಂತ್ರ, ದೃಢಕಾಯ ಬಿಳಿಯ ಗಂಡಸು ತನ್ನೂರಿನ ಪಡೆಯಲ್ಲಿ ಹೆಸರು ಬರೆಸಬೇಕಿತ್ತು. ಬಂದೂಕು, ಬಯೊನೆಟ್, ಮದ್ದಿನ ಚೀಲ ಎಲ್ಲವೂ ಅವನವನ ಖರ್ಚು. ಕಂಪನಿಯ ಅಧಿಕಾರಿಗಳು ಕತ್ತಿ ಇಟ್ಟುಕೊಳ್ಳಬೇಕೆಂದು ಕಾಯಿದೆಯೇ ಹೇಳುತ್ತಿತ್ತು, ಆದ್ದರಿಂದ ಚಿತ್ರದ ಕತ್ತಿ ಬರೀ ಅಲಂಕಾರವಲ್ಲ. ಕಪ್ಪು ಜನರನ್ನು ಈ ಕಾಯಿದೆ ಹೊರಗಿಟ್ಟಿತ್ತು. ಆದರೂ 1815ರಲ್ಲಿ ನ್ಯೂ ಆರ್ಲಿಯನ್ಸ್ ಕದನದಲ್ಲಿ ಸ್ವತಂತ್ರ ಕಪ್ಪು ಜನರ ತುಕಡಿಗಳು ಹೋರಾಡಿದವು. ಕಾಯಿದೆಯ ಮಾತನ್ನೇ ನಂಬಿ ಇಡೀ ದೇಶಕ್ಕೆ ಒಂದೇ ಅಳತೆ ಹಿಡಿಯಬಾರದು ಎನ್ನುವುದಕ್ಕೆ ಇದನ್ನು ನೆನಪಿಡಿ.

ಕ್ಯಾಪ್ಟನ್ ಆಗುವುದು ಹೇಗೆ? ಹಲವು ರಾಜ್ಯಗಳಲ್ಲಿ ಚುನಾವಣೆಯಿಂದ. 1780ರ ಮ್ಯಾಸಚೂಸೆಟ್ಸ್ ಸಂವಿಧಾನದಂತೆ ಕಂಪನಿಯ ಜನರೇ ಮತ ಹಾಕಿ ತಮ್ಮ ಕ್ಯಾಪ್ಟನ್ನನ್ನೂ ಅವನ ಕೈಕೆಳಗಿನ ಅಧಿಕಾರಿಗಳನ್ನೂ ಆರಿಸುತ್ತಿದ್ದರು. ನೇಮಕಪತ್ರ ಗವರ್ನರ್ ಹೆಸರಿನಲ್ಲಿ ಬರುತ್ತಿತ್ತು. 1832ರ ಬ್ಲ್ಯಾಕ್ ಹಾಕ್ ಯುದ್ಧದಲ್ಲಿ ಅಬ್ರಹಾಂ ಲಿಂಕನ್ ಕೂಡ ಇಲಿನಾಯ್‌ನ ಒಂದು ಕಂಪನಿಗೆ ಹೀಗೇ ಆಯ್ಕೆಯಾದ ಕ್ಯಾಪ್ಟನ್. ಶಾಂತಿಕಾಲದಲ್ಲಿ ವರ್ಷಕ್ಕೆ ಕೆಲವೇ ದಿನ ಕವಾಯತು. ನ್ಯೂ ಇಂಗ್ಲೆಂಡಿನಲ್ಲಿ ಆ ದಿನ ಊರಿಗೆ ಜಾತ್ರೆ: ಶುಂಠಿ ಕೇಕು, ರಮ್ ಎರಡೂ ಧಾರಾಳ. ಆದರೆ ಕ್ಯಾಪ್ಟನ್ ಎಂಬ ಬಿರುದು ಸಾಯುವವರೆಗೂ ಹೆಸರಿನ ಜತೆಗಿರುತ್ತಿತ್ತು, ಸಮಾಧಿಯ ಕಲ್ಲಿನ ಮೇಲೂ ಕೂರುತ್ತಿತ್ತು. ನಿಮ್ಮ ಮುಂದಿರುವುದು ಯುದ್ಧವೀರನ ಚಿತ್ರ ಎನ್ನುವುದಕ್ಕಿಂತ ನೆರೆಹೊರೆಯವರು ಮತ ಹಾಕಿ ಗೆಲ್ಲಿಸಿದ ರೈತನದೋ, ಅಂಗಡಿಯವನದೋ, ಚರ್ಮ ಹದ ಮಾಡುವವನದೋ ಇರುವ ಸಾಧ್ಯತೆಯೇ ಹೆಚ್ಚು.

ಹೆಜ್ಜೆ 1: ಚಿತ್ರದ ಬೆನ್ನು ನೋಡಿ

ಟೇಪು, ಟಾರ್ಚು, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸು, ಕ್ಯಾಮೆರಾ ಇದ್ದರೆ ಸಾಕು. ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಇನ್ನೊಬ್ಬರ ನೆರವಿನಿಂದ ಚಿತ್ರವನ್ನು ನಿಲ್ಲಿಸಿ ಹಿಡಿದು ಹಿಂಭಾಗ ನೋಡಿ. ಬಣ್ಣ ಚಕ್ಕೆ ಏಳುತ್ತಿದ್ದರೆ ಮುಟ್ಟಬೇಡಿ, ಫೋಟೊ ತೆಗೆದು ಅಲ್ಲಿಗೇ ನಿಲ್ಲಿಸಿ.

ಕ್ಯಾನ್ವಾಸನ್ನು ಬಿಗಿದ ಮರದ ಚೌಕದ ಮೂಲೆಗಳು ಮೊಳೆ ಹೊಡೆದು ಅಲುಗದಂತಿವೆಯೋ, ಬಿಗಿ ಹೆಚ್ಚಿಸಲು ಬೆಣೆ ಸಿಕ್ಕಿಸುವಂತಿವೆಯೋ ಗಮನಿಸಿ. ಅಂಚಿನ ಮೊಳೆಗಳ ತಲೆ ಒರಟಾಗಿ, ಕಾಂಡ ಚೌಕವಾಗಿದ್ದರೆ ಹಳೆಯ ಕಾಲಕ್ಕೆ ಹೊಂದುತ್ತದೆ. ದುಂಡನೆಯ ತಂತಿ ಮೊಳೆ ಅಮೆರಿಕದಲ್ಲಿ ಬಳಕೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ, ಸ್ಟೇಪಲ್ ಪಿನ್ನುಗಳು ಇಪ್ಪತ್ತನೇ ಶತಮಾನದವು. ಇವು ಕಂಡ ಮಾತ್ರಕ್ಕೆ ಚಿತ್ರ ನಕಲಿ ಎಂದಲ್ಲ, ಯಾರೋ ಮತ್ತೆ ಬಿಗಿದಿದ್ದಾರೆ ಎಂದಷ್ಟೇ ತಿಳಿಯಿರಿ. ಮರದ ಹಲಗೆಯ ಮೇಲೆ ಬರೆದದ್ದಾದರೆ ಗರಗಸದ ಗೆರೆಗಳನ್ನು ಓರೆ ಬೆಳಕಿನಲ್ಲಿ ನೋಡಿ: ನೇರ ಗೆರೆಗಳು ಹಳೆಯ ಗರಗಸದವು, ಕಮಾನಿನಂತೆ ಬಾಗಿದ ಗೆರೆಗಳು ದುಂಡು ಗರಗಸದವು. ದುಂಡು ಗರಗಸ ಹಳ್ಳಿಗಾಡಿನ ಮಿಲ್ಲುಗಳಿಗೆ ಹಬ್ಬಿದ್ದು ಶತಮಾನದ ಎರಡನೇ ಕಾಲುಭಾಗದಿಂದೀಚೆಗೆ.

ಹಿಂದೆ ಇನ್ನೊಂದು ಹೊಸ ಬಟ್ಟೆ ಅಂಟಿಸಿದ್ದರೆ ಮೂಲ ಬರಹ ಅದರಡಿ ಅಡಗಿರಬಹುದು. ಚಿತ್ರದ ಹಿಂದೆಯೇ ಹೆಸರು, ವಯಸ್ಸು, ಇಸವಿ ಬರೆಯುವ ರೂಢಿ ಇತ್ತಾದ್ದರಿಂದ ಹಳೆಯ ಫೋಟೊ, ದುರಸ್ತಿಯ ವರದಿ ಇದೆಯೇ ಎಂದು ಮಾಲೀಕರನ್ನು ಕೇಳಲೇಬೇಕು.

ಚೀಟಿಗೆ ಬರೋಣ. ಅದನ್ನು ಬರೆದದ್ದು ಯಾವುದರಿಂದ? ಬಾಲ್‌ಪಾಯಿಂಟ್ ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದು 1945ರಲ್ಲಿ. ‘ಮುತ್ತಜ್ಜ’ ಎಂಬ ಪದವೇ ಬರೆದವರು ಮೂರು ತಲೆಮಾರು ಈಚಿನವರು ಎಂದು ಹೇಳುತ್ತಿದೆ. ಮನೆಮಂದಿಯ ನೆನಪಿನಲ್ಲಿ ಹೆಸರು ಸಾಮಾನ್ಯವಾಗಿ ಸರಿಯಿರುತ್ತದೆ, ಯುದ್ಧ ತಪ್ಪಿರುತ್ತದೆ. ಸಮವಸ್ತ್ರ ಕಂಡ ಮೊಮ್ಮಕ್ಕಳಿಗೆ 1775–83ರ ಕ್ರಾಂತಿಯುದ್ಧಕ್ಕಿಂತ ಕಡಿಮೆಯದು ಯಾವುದೂ ರುಚಿಸುವುದಿಲ್ಲ.

ಹೆಜ್ಜೆ 2: ಎಡ ಯಾವುದು, ಬಲ ಯಾವುದು

ಕ್ಷುಲ್ಲಕ ಎನ್ನಿಸಿದರೂ ಹುದ್ದೆಯನ್ನು ತಪ್ಪಾಗಿ ಓದುವವರು ಎಡವುವುದು ಇಲ್ಲೇ. ನಿಮ್ಮ ಎಡಕ್ಕೆ ಕಾಣುವ ಭುಜ ಅವನ ಬಲಭುಜ. ಫೋಟೊ ನೋಡಿ ಕೆಲಸ ಮಾಡುತ್ತಿದ್ದರೆ ಅದು ಮುದ್ರಣದಲ್ಲಿ ಮಗುಚಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಗಂಡಸರ ಕೋಟಿನಲ್ಲಿ ಎಡಬದಿ ಬಲಬದಿಯ ಮೇಲೆ ಬರುತ್ತದೆ, ಕತ್ತಿ ಎಡ ಸೊಂಟದಲ್ಲಿ ತೂಗುತ್ತದೆ. ಎರಡೂ ತಿರುಗುಮುರುಗಾಗಿದ್ದರೆ ಮೂಲ ಚಿತ್ರವನ್ನೇ ನೋಡಿ. ಅಲ್ಲೂ ತಿರುಗಿದ್ದರೆ ಅದೊಂದು ಒಳ್ಳೆಯ ಸುಳಿವು: 1839ರ ನಂತರ ಬಂದ ಡಗೆರೋಟೈಪ್ ಫೋಟೊಗಳಲ್ಲಿ ಬಿಂಬ ಕನ್ನಡಿಯಂತೆ ಮಗುಚಿರುತ್ತಿತ್ತು. ಅಂಥ ಫೋಟೊ ಮುಂದಿಟ್ಟುಕೊಂಡು ಬರೆದ ಚಿತ್ರವೂ ಹಾಗೇ ಮಗುಚಬಹುದು.

ಹೆಜ್ಜೆ 3: ಕೂದಲು, ಕಾಲರ್, ಟೊಪ್ಪಿ

ಹಿಂದೆ ಜಡೆ ಕಟ್ಟಿದ ಕೂದಲು ಹದಿನೆಂಟನೇ ಶತಮಾನದ್ದು. 1801ರಲ್ಲಿ ಜನರಲ್ ಜೇಮ್ಸ್ ವಿಲ್ಕಿನ್ಸನ್ ಸೇನೆಯಲ್ಲಿ ಎಲ್ಲರೂ ಜಡೆ ಕತ್ತರಿಸಬೇಕೆಂದು ಆದೇಶ ಹೊರಡಿಸಿದ. ಕರ್ನಲ್ ಥಾಮಸ್ ಬಟ್ಲರ್ ಎಂಬ ಹಳೆಯ ಯೋಧ ಒಪ್ಪದೆ ಕೋರ್ಟ್‌ಮಾರ್ಷಲ್ ಎದುರಿಸಿದ. ಜುಟ್ಟಿಗಾಗಿ ನೌಕರಿಯನ್ನೇ ಪಣಕ್ಕಿಟ್ಟ ಪುಣ್ಯಾತ್ಮ. ಮಿಲಿಷಿಯಾಗೆ ಆ ಆದೇಶ ಅನ್ವಯವಾಗದಿದ್ದರೂ ಗಾಳಿ ಬೀಸುತ್ತಿದ್ದ ದಿಕ್ಕು ಅದೇ. ಗಿಡ್ಡ ಕತ್ತರಿಸಿ ಹಣೆಯ ಕಡೆಗೆ ಬಾಚಿದ ಕೂದಲು 1800ರ ನಂತರದ ಒಂದೆರಡು ದಶಕಗಳ ಗುರುತು. ಕೆನ್ನೆಮೀಸೆ 1820, 30ರ ದಶಕಗಳಲ್ಲಿ ಇಳಿಯುತ್ತ ಬರುತ್ತದೆ. ಪೂರ್ತಿ ಗಡ್ಡ ಬಿಟ್ಟ ಅಧಿಕಾರಿ ಕಂಡರೆ ಶತಮಾನದ ನಡುಭಾಗಕ್ಕೆ ಸರಿಯಿರಿ.

ಗಲ್ಲ ಮುಚ್ಚುವಷ್ಟು ಎತ್ತರದ ಕಾಲರ್, ಒಳಗೆ ಕಪ್ಪು ಕೊರಳಪಟ್ಟಿ ಇದ್ದರೆ ಬ್ರಿಟನ್ ಜತೆ ಮತ್ತೆ ನಡೆದ 1812ರ ಯುದ್ಧದ ಆಸುಪಾಸು ಯೋಚಿಸಬಹುದು. ಎರಡು ಮೂಲೆಯ ಮಡಚು ಟೊಪ್ಪಿ ಅಧಿಕಾರಿಗಳಲ್ಲಿ ಬಹುಕಾಲ ಉಳಿದದ್ದರಿಂದ ಕಾಲನಿರ್ಣಯಕ್ಕೆ ಅಷ್ಟು ಉಪಯೋಗವಿಲ್ಲ. ಮೇಲಕ್ಕೆ ಹೋದಂತೆ ಗಂಟೆಯ ಹಾಗೆ ಅಗಲವಾಗುವ ಶಾಕೊ ಟೊಪ್ಪಿ ಮಾತ್ರ 1820ರ ದಶಕದ ಕಡೆಗೆ ಬೆರಳು ತೋರಿಸುತ್ತದೆ.

ನಮ್ಮ ಕಾಲ್ಪನಿಕ ಚಿತ್ರದಲ್ಲಿ ಮುಂದಕ್ಕೆ ಬಾಚಿದ ಕೂದಲು, ಎತ್ತರದ ಕಾಲರ್ ಇವೆ ಎನ್ನಿ. ಸುಮಾರು 1805–15. ಆಗ ಮೂವತ್ತಾಗಿದ್ದವನು ಹುಟ್ಟಿದ್ದು 1775–85ರ ನಡುವೆ. ಕ್ರಾಂತಿಯುದ್ಧದಲ್ಲಿ ಇವನು ತೊಟ್ಟಿಲಲ್ಲಿದ್ದ. ಚೀಟಿಯ ಅರ್ಧ ಇಲ್ಲಿಗೇ ಬಿತ್ತು.

ಹೆಜ್ಜೆ 4: ಲೋಹ ಹೇಳುವ ಹುದ್ದೆ

ನಿಧಾನವಾಗಿ ಕೂತು ನೋಡಬೇಕಾದ ಹೆಜ್ಜೆ ಇದು. 1812ರ ಯುದ್ಧಕಾಲದ ಸೇನಾ ನಿಯಮಗಳ ಪ್ರಕಾರ ಕ್ಯಾಪ್ಟನ್‌ಗೆ ಬಲಭುಜದಲ್ಲೊಂದು ಎಪಾಲೆಟ್, ಲೆಫ್ಟಿನೆಂಟ್ ದರ್ಜೆಯವರಿಗೆ ಎಡಭುಜದಲ್ಲೊಂದು, ಮೇಜರ್ ಮತ್ತು ಅದಕ್ಕೂ ಮೇಲಿನವರಿಗೆ ಎರಡೂ ಕಡೆ. ಕಾಲ್ದಳಕ್ಕೆ ಬೆಳ್ಳಿ, ಫಿರಂಗಿದಳಕ್ಕೆ ಚಿನ್ನ. ಗುಂಡಿಗಳ ಬಣ್ಣವೂ ಎಪಾಲೆಟ್‌ಗೆ ತಕ್ಕಂತೆ. ನಮ್ಮ ಚಿತ್ರದ ಬೆಳ್ಳಿ ಎಪಾಲೆಟ್ ಬಲಭುಜದಲ್ಲಿದೆ ಎನ್ನಿ: ಅವನು ಕಾಲ್ದಳದ ಕ್ಯಾಪ್ಟನ್. 1821ರ ನಿಯಮಗಳು ಇದನ್ನು ಕದಡಿದವು: ಕಂಪನಿ ಮಟ್ಟದ ಅಧಿಕಾರಿಗಳಿಗೆ ಎಪಾಲೆಟ್ ಬದಲು ಎರಡೂ ಭುಜದ ಅಂಚಿಗೆ ‘ರೆಕ್ಕೆ’ ಎಂಬ ಪಟ್ಟಿ, ತೋಳಿಗೆ ಕೋನಾಕಾರದ ಪಟ್ಟಿ ಬಂದವು. ಆಮೇಲಿನ ಚಿತ್ರಗಳಲ್ಲಿ ಎರಡೂ ಭುಜ ತುಂಬಿದೆ ಎಂದ ಮಾತ್ರಕ್ಕೆ ಕರ್ನಲ್ ಎಂದುಬಿಡಬೇಡಿ.

ಎಪಾಲೆಟ್ ಬೆಳ್ಳಿಯದೋ ಚಿನ್ನದ್ದೋ ಎಂದು ಹೇಳುವ ಮುನ್ನ ವಾರ್ನಿಷ್ ನೆನಪಿಡಿ. ನೂರೈವತ್ತು ವರ್ಷ ಹಳದಿಗಟ್ಟಿದ ವಾರ್ನಿಷ್‌ ಅಡಿ ಬೆಳ್ಳಿಯೂ ಚಿನ್ನವಾಗುತ್ತದೆ. ಪಕ್ಕದಲ್ಲಿರುವ ಅಂಗಿಯ ಬಿಳಿಗೆ ಹೋಲಿಸಿ: ಬಿಳಿಯೇ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದರೆ ಎಪಾಲೆಟ್ ಮೂಲತಃ ಬೆಳ್ಳಿಯದೇ ಇರಬಹುದು. ಚೌಕಟ್ಟಿನ ಅಂಚಿನಡಿ ಬೆಳಕು ಕಾಣದೆ ಉಳಿದ ಪಟ್ಟಿಯನ್ನೂ ನೋಡಿ.

ಹದ್ದಿನ ತಲೆಯ ಕತ್ತಿ 1800ರಿಂದ 1840ರ ತನಕ ಅಮೆರಿಕನ್ ಅಧಿಕಾರಿಗಳ ಅಚ್ಚುಮೆಚ್ಚು. ಬಹಳಷ್ಟು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದಲೇ ಬರುತ್ತಿದ್ದವು. ಬ್ರಿಟನ್ ವಿರುದ್ಧ ಗೆದ್ದ ದೇಶದ ಲಾಂಛನ ಬ್ರಿಟನ್ನಿನ ಕಮ್ಮಾರಸಾಲೆಯಲ್ಲಿ ತಯಾರು, ವ್ಯಾಪಾರಕ್ಕೆ ಹಗೆತನ ಎಲ್ಲಿಯದು! ಚಿತ್ರದ ಜತೆಗೆ ಕತ್ತಿಯೂ ಅದೇ ಮನೆಯಲ್ಲಿ ಉಳಿದಿದ್ದರೆ ಹಿಡಿಯನ್ನು ಚಿತ್ರದೊಂದಿಗೆ ಹೋಲಿಸಿ. ಎರಡೂ ತಾಳೆಯಾದರೆ ಮನೆತನದ ಕಥೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಒಂದು ಎಚ್ಚರಿಕೆ. ಮೇಲಿನವೆಲ್ಲ ಒಕ್ಕೂಟ ಸೇನೆಯ ನಿಯಮಗಳು. ರಾಜ್ಯಗಳು ತಮ್ಮ ಆದೇಶಗಳನ್ನು ತಾವೇ ಹೊರಡಿಸುತ್ತಿದ್ದವು, ಸ್ವಯಂಪ್ರೇರಿತ ಕಂಪನಿಗಳು ತಮಗೆ ಚೆಂದ ಕಂಡ ಬಣ್ಣವನ್ನೇ ಆರಿಸುತ್ತಿದ್ದವು, ಹಳ್ಳಿಯ ಅಧಿಕಾರಿ ಅಣ್ಣನ ಹಳೇ ಕೋಟನ್ನೇ ತೊಟ್ಟಿರಲೂ ಸಾಕು. ಸಮವಸ್ತ್ರದಿಂದ ‘ಇದಕ್ಕಿಂತ ಮುಂಚೆ ಇರಲಾರದು’ ಎಂದು ಗಟ್ಟಿಯಾಗಿ ಹೇಳಬಹುದು. ‘ಇದರ ನಂತರ ಇರಲಾರದು’ ಎನ್ನುವಾಗ ಹತ್ತು ವರ್ಷ ಸಡಿಲ ಬಿಡಿ.

ಹೆಜ್ಜೆ 5: ಕಾಗದಪತ್ರ

ಈಗ ನಿಮ್ಮ ಬಳಿ ಮೂರು ಸಂಗತಿ ಇವೆ: ಚೀಟಿಯ ಮನೆತನದ ಹೆಸರು, ಕಾಲ್ದಳದ ಕ್ಯಾಪ್ಟನ್ ಹುದ್ದೆ, 1805–15ರ ಅವಧಿ. ದಾಖಲೆಗಳತ್ತ ಹೊರಡಲು ಇಷ್ಟು ಸಾಕು. ಮೊದಲೇ ಹೊರಟಿದ್ದರೆ ಅದೇ ಹೆಸರಿನ ಅಪ್ಪ, ಮಗ, ದೊಡ್ಡಪ್ಪನ ಮಗ ಎಲ್ಲರೂ ಕ್ಯಾಪ್ಟನ್‌ಗಳಾಗಿ ಸಿಕ್ಕಿ ತಲೆ ಕೆಡುತ್ತಿತ್ತು.

ಶಾಂತಿಕಾಲದ ಮಿಲಿಷಿಯಾ ಅಧಿಕಾರಿಗಳ ನೇಮಕದ ದಾಖಲೆ ವಾಷಿಂಗ್ಟನ್‌ನಲ್ಲಿ ಅಲ್ಲ, ಆಯಾ ರಾಜ್ಯದ ಪತ್ರಾಗಾರದಲ್ಲಿ ಹುಡುಕಬೇಕು. ಎನ್‌ಸೈನ್, ಲೆಫ್ಟಿನೆಂಟ್, ಕ್ಯಾಪ್ಟನ್ ಎಂದು ಏರಿದವನ ಪ್ರತಿ ನೇಮಕಕ್ಕೂ ತಾರೀಖು ಸಿಕ್ಕರೆ ಚಿತ್ರದ ಕಾಲ ತಟ್ಟನೆ ಕಿರಿದಾಗುತ್ತದೆ. ಬಲಭುಜದ ಎಪಾಲೆಟ್ ತೊಟ್ಟವನು 1809ರಲ್ಲಿ ಕ್ಯಾಪ್ಟನ್, 1813ರಲ್ಲಿ ಮೇಜರ್ ಆಗಿದ್ದರೆ ಚಿತ್ರ ಆ ನಾಲ್ಕು ವರ್ಷಗಳ ನಡುವಿನದು. ನಾಗರಿಕರ ಭಾವಚಿತ್ರಗಳಲ್ಲಿ ಇಷ್ಟು ಬಿಗಿಯಾದ ಕಾಲಮಿತಿ ಸುಲಭಕ್ಕೆ ದಕ್ಕದು. ಹೊಸ ಹುದ್ದೆ ಸಿಕ್ಕ ಸಂಭ್ರಮದಲ್ಲೇ ಚಿತ್ರ ಬರೆಸಿಕೊಳ್ಳುವ ಆಸೆ ಹುಟ್ಟುವುದು ಸಹಜ. ಕೈಯಲ್ಲಿ ಮಡಚಿದ ಕಾಗದ ಹಿಡಿದಿದ್ದರೆ ಅದು ಆ ನೇಮಕಪತ್ರವೇ ಇರಬಹುದು.

1812ರ ಯುದ್ಧದಲ್ಲಿ ಒಕ್ಕೂಟದ ಸೇವೆಗೆ ಹೋದವರ ಸೇವಾದಾಖಲೆ, 1871 ಮತ್ತು 1878ರ ಕಾಯಿದೆಗಳಡಿ ಬಂದ ಪಿಂಚಣಿ ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆದರೆ ಮ್ಯಾಸಚೂಸೆಟ್ಸ್ ಗವರ್ನರ್ ಕೇಲಬ್ ಸ್ಟ್ರಾಂಗ್ ತನ್ನ ಮಿಲಿಷಿಯಾವನ್ನು ಒಕ್ಕೂಟದ ಕೈಗೆ ಒಪ್ಪಿಸಲು ನಿರಾಕರಿಸಿದ್ದ. ಆ ರಾಜ್ಯದವನಾದರೆ ರಾಜ್ಯದ ಪಟ್ಟಿಯಿಂದಲೇ ಶುರುಮಾಡಿ. ಜನಗಣತಿ 1790ರಿಂದ ಇದೆ, 1840ರವರೆಗೆ ಮನೆಯ ಯಜಮಾನನ ಹೆಸರಷ್ಟೇ. ಎಲ್ಲ ಸ್ವತಂತ್ರ ಜನರ ಹೆಸರೂ ಸಿಗುವುದು 1850ರಿಂದ. ಸತ್ತವರ ಆಸ್ತಿಪಟ್ಟಿಗಳನ್ನು ಮರೆಯಬೇಡಿ, ಅವುಗಳಲ್ಲಿ ಕತ್ತಿ, ಕೋಟು ಬೆಲೆಸಮೇತ ಸಿಗಬಹುದು.

ಹೆಜ್ಜೆ 6: ಬರೆದ ಕೈ ಯಾರದು

ಈಗ ಮುಖಕ್ಕೆ ಬನ್ನಿ. ಮೊದಲು ತಲೆಯಿಂದ ತೆಗೆದುಹಾಕಬೇಕಾದ ಕಥೆಯೊಂದಿದೆ: ಚಿತ್ರಕಾರರು ಚಳಿಗಾಲದಲ್ಲಿ ತಲೆಯಿಲ್ಲದ ಮೈಗಳನ್ನು ಬರೆದಿಟ್ಟುಕೊಂಡು ಬೇಸಿಗೆಯಲ್ಲಿ ಊರೂರಿಗೆ ಹೊತ್ತು ತಲೆ ಸೇರಿಸುತ್ತಿದ್ದರಂತೆ. ಇದಕ್ಕೆ ಆಧಾರ ಸಿಕ್ಕಿಲ್ಲ. ಮಿಲಿಷಿಯಾ ಚಿತ್ರಗಳ ಮಟ್ಟಿಗಂತೂ ಮಾತು ಇನ್ನೂ ಹಾಸ್ಯಾಸ್ಪದ. ಯಾವ ಭುಜಕ್ಕೆ ಎಪಾಲೆಟ್ ಬರೆಯುವುದೆಂದು ಚಳಿಗಾಲದಲ್ಲೇ ಹೇಗೆ ಗೊತ್ತಾಗಬೇಕು?

ಚಪ್ಪಟೆತನವನ್ನು ಕೈಲಾಗದತನ ಎಂದುಕೊಳ್ಳಬೇಡಿ. ಮೇನ್ ರಾಜ್ಯದ ಬಾತ್‌ನಲ್ಲಿ ಹುಟ್ಟಿ ಬೋಸ್ಟನ್‌ನಲ್ಲಿ ನೆಲೆಸಿದ ವಿಲಿಯಂ ಮ್ಯಾಥ್ಯೂ ಪ್ರಯರ್ (1806–1873) 1831ರಲ್ಲಿ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿದ್ದ: ನೆರಳು-ಬೆಳಕಿಲ್ಲದ ಚಪ್ಪಟೆ ಚಿತ್ರ ಸಾಕೆನ್ನುವವರಿಗೆ ಕಾಲು ಭಾಗದ ಬೆಲೆ. ಅದೇ ಪ್ರಯರ್ ಪೂರ್ತಿ ಹಣ ಕೊಟ್ಟವರಿಗೆ ನೆರಳು-ಬೆಳಕಿನ ಮುಖ ಬರೆಯುತ್ತಿದ್ದ. ರೂಫಸ್ ಪೋರ್ಟರ್ (1792–1884), ಮುಂದೆ 1845ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಶುರುಮಾಡಿದವನು, ಹಂಚಿದ ಕರಪತ್ರದಲ್ಲಿ ಕತ್ತರಿಸಿದ ನೆರಳುಚಿತ್ರಕ್ಕೆ 20 ಸೆಂಟ್, ಬಣ್ಣದ ಪಕ್ಕನೋಟಕ್ಕೆ 2 ಡಾಲರ್, ಎದುರುನೋಟಕ್ಕೆ 3 ಡಾಲರ್, ದಂತದ ಮೇಲಿನ ಕಿರುಚಿತ್ರಕ್ಕೆ 8 ಡಾಲರ್ ಎಂದಿತ್ತು. ಹಾಗಾಗಿ ಶೈಲಿಯಲ್ಲಿ ಗಿರಾಕಿಯ ಜೇಬೂ ಸೇರಿರುತ್ತದೆ. ಎರಡು ಚಿತ್ರ ಬೇರೆಬೇರೆಯಾಗಿ ಕಂಡ ಮಾತ್ರಕ್ಕೆ ಕೈಯೂ ಬೇರೆ ಎನ್ನುವಂತಿಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಕನೆಕ್ಟಿಕಟ್‌ನ ಕೋಲ್‌ಬ್ರೂಕ್‌ನಲ್ಲಿ ಹುಟ್ಟಿದ ಆಮಿ ಫಿಲಿಪ್ಸ್ (1788–1865). ಸಹಿ ಹಾಕಿದ್ದು ಅಪರೂಪ. ಅವನ ಆರಂಭದ ತಿಳಿಬಣ್ಣದ ಚಿತ್ರಗಳನ್ನು ‘ಬಾರ್ಡರ್ ಲಿಮ್ನರ್’ (ಲಿಮ್ನರ್ ಎಂದರೆ ಭಾವಚಿತ್ರಕಾರ) ಎಂಬ ಅಜ್ಞಾತನಿಗೂ, 1830ರ ದಶಕದ ಕಡುಹಿನ್ನೆಲೆಯ ಚಿತ್ರಗಳನ್ನು ‘ಕೆಂಟ್ ಲಿಮ್ನರ್’ ಎಂಬ ಇನ್ನೊಬ್ಬ ಅಜ್ಞಾತನಿಗೂ ಹಂಚಿದ್ದರು. ಬಾರ್ಬರಾ ಮತ್ತು ಲಾರೆನ್ಸ್ ಹೋಲ್ಡ್ರಿಜ್ ದಂಪತಿ ಸಹಿಯಿದ್ದ ಒಂದು ಚಿತ್ರದ ಜಾಡು ಹಿಡಿದು ಹೊರಟು ಇಬ್ಬರೂ ಒಬ್ಬನೇ ಎಂದು ತೋರಿಸಿಕೊಟ್ಟರು. ಪರಿಣತರೇ ದಶಕಗಳ ಕಾಲ ಒಬ್ಬನನ್ನು ಇಬ್ಬರೆಂದು ತಿಳಿದಿದ್ದಾಗ ನಾವು ಒಂದು ಮಧ್ಯಾಹ್ನದಲ್ಲಿ ತೀರ್ಪು ಕೊಡುವುದು ಬೇಡ.

ಹೋಲಿಸಬೇಕಾದದ್ದು ಚಿತ್ರಕಾರ ಯೋಚಿಸದೆ ಬರೆದ ಜಾಗಗಳನ್ನು: ಕಿವಿಯ ಒಳಸುರುಳಿ, ಬೆರಳ ಗೆಣ್ಣು, ಝಾಲರಿನ ಎಳೆ, ಗುಂಡಿಯ ಮೇಲಿನ ಹೊಳಪಿನ ಚುಕ್ಕೆ. ಶೆಲ್ಡನ್ ಪೆಕ್ (1797–1868) ಬಟ್ಟೆಯ ಮೇಲೆ ಒಂದು ಉದ್ದ, ಎರಡು ಗಿಡ್ಡ ಗೀಟುಗಳ ಅಲಂಕಾರ ಹಾಕುತ್ತಿದ್ದ. ಇರಾಸ್ಟಸ್ ಸಾಲಿಸ್ಬರಿ ಫೀಲ್ಡ್‌ (1805–1900) ಬರೆದ ತಲೆಗಳ ಸುತ್ತ ಮೋಡದಂಥ ಬೂದು ಬೆಳಕು ಇರುತ್ತದೆ. ನಿಮ್ಮದು ಜಲವರ್ಣದಲ್ಲಿ ಬರೆದ ಪೆನ್ಸಿಲ್ವೇನಿಯಾದ ಪಕ್ಕನೋಟದ ಅಧಿಕಾರಿಯಾಗಿದ್ದರೆ ಜರ್ಮನಿಯಿಂದ ಬಂದ ಜೇಕಬ್ ಮೆಂಟಲ್‌ನ ಚಿತ್ರಗಳನ್ನು ಪಕ್ಕಕ್ಕಿಡಿ. ಅವನ ‘ಜನರಲ್ ಶೂಮೇಕರ್’ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಆ ಗ್ಯಾಲರಿ, ನ್ಯೂಯಾರ್ಕಿನ ಅಮೆರಿಕನ್ ಜನಪದ ಕಲಾ ವಸ್ತುಸಂಗ್ರಹಾಲಯ, ಕೂಪರ್ಸ್‌ಟೌನ್‌ನ ಫೆನಿಮೋರ್, ವಿಲಿಯಮ್ಸ್‌ಬರ್ಗ್‌ನ ರಾಕೆಫೆಲರ್ ಸಂಗ್ರಹ ಇವುಗಳಲ್ಲಿ ಅನೇಕ ಚಿತ್ರಗಳನ್ನು ಅಂತರ್ಜಾಲದಲ್ಲೇ ನೋಡಬಹುದು.

ಹೆಜ್ಜೆ 7: ಕತ್ತಲೆಯಲ್ಲಿ ನೋಡಿ

ಸಮವಸ್ತ್ರದ ಚಿತ್ರಕ್ಕೆ ಸಾದಾ ಕೋಟಿನ ಚಿತ್ರಕ್ಕಿಂತ ಗಿರಾಕಿ ಹೆಚ್ಚು. ಆದ್ದರಿಂದ ಎಪಾಲೆಟ್ ಆಮೇಲೆ ಸೇರಿಸಿದ್ದೇ ಎಂಬ ಅನುಮಾನವನ್ನು ಒಮ್ಮೆಯಾದರೂ ಪಟ್ಟು ನೋಡಬೇಕು. ಕೋಣೆ ಕತ್ತಲು ಮಾಡಿ ನೇರಳಾತೀತ ಟಾರ್ಚು ಹಾಯಿಸಿ. ಹಳೆಯ ರಾಳದ ವಾರ್ನಿಷ್ ಹಸಿರಾಗಿ ಮಬ್ಬು ಹೊಳೆಯುತ್ತದೆ, ಅದರ ಮೇಲೆ ಈಚೆಗೆ ಬಳಿದ ಬಣ್ಣ ಕಪ್ಪು-ನೇರಳೆ ಕಲೆಯಾಗಿ ಎದ್ದು ಕಾಣುತ್ತದೆ. ಕಲೆ ಬಿರುಕಿನ ಗುಂಟ ಇದ್ದರೆ ದುರಸ್ತಿ. ಇಡೀ ಎಪಾಲೆಟ್ ಆಕಾರಕ್ಕೇ ಇದ್ದರೆ ಯೋಚಿಸಬೇಕಾದ ವಿಷಯ. ಓರೆ ಬೆಳಕಿನಲ್ಲಿ ಬಿರುಕುಗಳನ್ನೂ ಗಮನಿಸಿ: ಕೋಟಿನ ಬಿರುಕು ಎಪಾಲೆಟ್‌ ಒಳಗೂ ಮುಂದುವರಿಯಬೇಕು, ಅಲ್ಲಿ ಬಣ್ಣ ಬಿರುಕಿನೊಳಕ್ಕೆ ಇಳಿದಿರಬಾರದು.

ಅನುಮಾನ ಉಳಿದರೆ ಸಂರಕ್ಷಣಾ ತಜ್ಞರಿಂದ ಎಕ್ಸ್-ರೇ ಫ್ಲೋರೆಸೆನ್ಸ್ ಪರೀಕ್ಷೆ (ಬಣ್ಣದಲ್ಲಿ ಯಾವ ಲೋಹಗಳಿವೆ ಎಂದು ತೋರಿಸುವುದು) ಮಾಡಿಸಬಹುದು. ಸೀಸದ ಬಿಳಿ ನಿರೀಕ್ಷಿತ. ಟೈಟಾನಿಯಂ ಬಿಳಿ ಚಿತ್ರಕಾರರ ಕೈಗೆ ಬಂದದ್ದು 1920ರ ಆಸುಪಾಸಿನಲ್ಲಿ, ಝಾಲರಿನಲ್ಲಿ ಅದು ಸಿಕ್ಕರೆ ಆ ಭಾಗ ಆಮೇಲಿನದು. ಪ್ರಶಿಯನ್ ನೀಲಿ ಹದಿನೆಂಟನೇ ಶತಮಾನದಿಂದಲೂ ಇದ್ದದ್ದರಿಂದ ಕಾಲ ಹೇಳಲು ಉಪಯೋಗವಿಲ್ಲ. ಸ್ವಂತ ಕೈಯಿಂದ ಸ್ವಚ್ಛ ಮಾಡುವ ಸಾಹಸ ಮಾತ್ರ ಬೇಡ. ಬ್ರೆಡ್ಡು, ಆಲೂಗಡ್ಡೆಯ ಮನೆಮದ್ದುಗಳು ಇಂಥ ತೆಳು ಬಣ್ಣದ ಚಿತ್ರಗಳನ್ನು ಹಾಳುಮಾಡುತ್ತವೆ.

ಹೆಜ್ಜೆ 8: ಬರೆದಿಡಿ

ಸಿಕ್ಕಿದ್ದನ್ನೆಲ್ಲ ಅದರದರ ತೂಕಕ್ಕೆ ತಕ್ಕ ಪದದಲ್ಲಿ ಬರೆಯಿರಿ. ಸಹಿ ಅಥವಾ ಲೆಕ್ಕಪುಸ್ತಕದ ಆಧಾರವಿದ್ದರೆ ಚಿತ್ರಕಾರನ ಹೆಸರು ನೇರವಾಗಿ. ಹೋಲಿಕೆ ಗಟ್ಟಿಯಿದ್ದರೆ ‘ಇವರದೆಂದು ಪರಿಗಣಿತ’. ಬರೀ ಛಾಯೆ ಇದ್ದರೆ ‘ಇವರ ಶೈಲಿಯ ಸಮೀಪ’. ನಮ್ಮ ಚಿತ್ರದ ನಮೂದು ಹೀಗಿರಬಹುದು:

‘ಗುರುತು ಸಿಗದ ಚಿತ್ರಕಾರ. ಕಾಲ್ದಳ ಮಿಲಿಷಿಯಾದ ಕ್ಯಾಪ್ಟನ್, ಸು. 1805–15. ಕ್ಯಾನ್ವಾಸಿನ ಮೇಲೆ ತೈಲವರ್ಣ. ಹುದ್ದೆಗೆ ಆಧಾರ: ಬಲಭುಜದ ಏಕೈಕ ಬೆಳ್ಳಿ ಎಪಾಲೆಟ್. ಕಾಲಕ್ಕೆ ಆಧಾರ: ಕೂದಲು, ಕಾಲರ್. ಮನೆತನದ ಹೆಸರಿಗೆ ಆಧಾರ: ಹಿಂಭಾಗದ ಚೀಟಿ, ನಂತರದ ಕೈಬರಹ, ಅದರಲ್ಲಿನ ಕ್ರಾಂತಿಯುದ್ಧದ ಉಲ್ಲೇಖ ಚಿತ್ರದ ಕಾಲಕ್ಕೆ ಹೊಂದುವುದಿಲ್ಲ.’

ಚೀಟಿಯನ್ನು ಕಾಗುಣಿತದ ತಪ್ಪುಗಳ ಸಮೇತ ನಕಲು ಮಾಡಿ, ಎರಡೂ ಬದಿ ಫೋಟೊ ತೆಗೆಯಿರಿ. ಅದು ಇರುವಲ್ಲೇ ಇರಲಿ. ತಾನಾಗಿ ಕಳಚಿ ಬಿದ್ದಿದ್ದರೆ ಆಮ್ಲರಹಿತ ಕಾಗದದ ಲಕೋಟೆಗೆ ಹಾಕಿ, ಚಿತ್ರದ ಸಂಖ್ಯೆಯನ್ನೇ ಲಕೋಟೆಯ ಮೇಲೂ ಪೆನ್ಸಿಲ್‌ನಲ್ಲಿ ಬರೆದು ಕಡತದಲ್ಲಿ ಸೇರಿಸಿ.